ಬೂದು ಹೊಟ್ಟೆಯ ವಿಮಾನ

ನಮ್ಮೂರ ಡೈರಿಯ ಹೆಂಗಸರು ಎಲ್ಲಿಗೇ ಹೊರಟರೂ ಎರಡು ಹಾಲಿನ ನಡುವೆ ಹೋಗಿ ಬರಬೇಕು. ಬೆಳಗಿನ ಹಾಲು ಹಾಕಿ ಬಸ್ಸು ಹತ್ತಬೇಕು, ಸಂಜೆಯ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಯಲ್ಲಿರಬೇಕು. ಹಾಗಾಗಿ ಇಷ್ಟು ವರ್ಷಗಳಲ್ಲಿ ಅವರು ಒಟ್ಟಾಗಿ ನೋಡಿರುವುದೆಲ್ಲ ವಕ್ಕಲೇರಿಯಿಂದ ಎರಡು ಎರಡೂವರೆ ಗಂಟೆ ದಾರಿಯೊಳಗಿನ ದೇವಸ್ಥಾನಗಳೇ. ಅದಕ್ಕಿಂತ ದೂರದ ದೇವರಿಗೆ ಇವರ ಕೈಲಿ ಕೈಮುಗಿಸಿಕೊಳ್ಳುವ ಯೋಗವಿಲ್ಲ. ಈ ಸಲ ಮಾತ್ರ ಡೈರಿ ಸೆಕ್ರೆಟರಿಗೆ ಏನು ಹೊಳೆಯಿತೋ, ಬೆಂಗಳೂರಿನ ಆಚೆ ಮಿಲಿಟರಿ ವಿಮಾನಗಳನ್ನು ಜನರಿಗೆ ತೋರಿಸಲು ಸಾಲಾಗಿ ನಿಲ್ಲಿಸುತ್ತಾರಂತೆ, ಹಾರಿಸಿಯೂ ತೋರಿಸುತ್ತಾರಂತೆ, ಪಾಸಿಗೆ ನಾನು ಹೇಳಿದ್ದೇನೆ, ಹೋಗೋಣ ಎಂದುಬಿಟ್ಟಳು.

ಈ ಸುದ್ದಿ ನನಗೆ ಬಂದದ್ದು ಅಮ್ಮನ ಫೋನಿನಲ್ಲಿ. ನಾನು ಮುಳಬಾಗಿಲಿನ ಕೋರ್ಟಿನಲ್ಲಿ ಟೈಪಿಸ್ಟು. ಮಧ್ಯಾಹ್ನದ ಬಿಡುವಿನಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತಿದ್ದೆ.

"ರಜಾ ಹಾಕಿ ಬಾ," ಎಂದಳು.

"ನಾನ್ಯಾಕಮ್ಮ? ನೀವು ಡೈರಿಯವರು ಹೋಗಿ ಬನ್ನಿ."

"ನೀನ್ ಬರ್ದೆ ಇದ್ರೆ ಹೆಂಗೆ? ನೋಡಿದ್ದು ನೀನ್ ತಾನೆ? ಅಷ್ಟೂ ವಿಮಾನ ಒಂದೇ ಕಡೆ ನಿಲ್ಸಿರ್ತಾರಂತೆ. ಯಾವ್ದು ಅಂತ ಗುರ್ತು ಹಿಡಿಯೋಕೆ ನೀನು ಬೇಕು."

ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಯಾವುದನ್ನು ಗುರುತು ಹಿಡಿಯಬೇಕು ಎಂದು ನಾನು ಕೇಳಲಿಲ್ಲ. ಮೂವತ್ತೈದು ವರ್ಷದ ಮೇಲಾಗಿದ್ದರೂ ನಮ್ಮ ಮನೆಯಲ್ಲಿ ವಿಮಾನ ಎಂದರೆ ಒಂದೇ ವಿಮಾನ.

ಅದನ್ನು ಈಗ ಹೇಳಿಬಿಡಬೇಕು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಗೆ ಮೊದಲ ಸೀಮೆಹಸು ಬಂತು. ಕಪ್ಪು ಬಿಳುಪಿನ ಮೈ, ಊರಿನ ಹಸುಗಳ ಎರಡರಷ್ಟು ಗಾತ್ರ. ಅದು ಎಂಟು ತಿಂಗಳ ಗಬ್ಬವಾಗಿದ್ದಾಗ ಒಂದು ಭಾನುವಾರ ಅದನ್ನು ಕೆರೆ ಅಂಗಳದಲ್ಲಿ ಮೇಯಿಸಿಕೊಂಡು ಬರಲು ನನ್ನನ್ನು ಕಳಿಸಿದರು. ಹಗ್ಗ ಕೈಯಿಂದ ಬಿಡಬೇಡ ಎಂದು ಅಜ್ಜಿ, ಅಂದರೆ ಅಪ್ಪನ ತಾಯಿ, ಮೂರು ಸಲ ಹೇಳಿದಳು. ನಾನು ಹಗ್ಗವನ್ನು ಒಂದು ಹೊಂಗೆ ಗಿಡಕ್ಕೆ ಸುತ್ತಿ ಎದುರಿನ ತೋಟದಲ್ಲಿ ಸೀಬೆಕಾಯಿ ಕೀಳಲು ಹೋದೆ. ಮರ ಹತ್ತಿ, ಬೇಕಾದಷ್ಟು ತಿಂದು, ಮಡಿಲು ತುಂಬಿಕೊಂಡು ವಾಪಸು ಬಂದಾಗ ಹೊಂಗೆ ಗಿಡ ಬುಡಸಮೇತ ಕಿತ್ತುಬಂದಿತ್ತು. ಹಸು ಒಣಗಿದ ಕಾಲುವೆಯ ಆಚೆ ದಡದಲ್ಲಿ ಬಿದ್ದುಕೊಂಡು ಏದುಸಿರು ಬಿಡುತ್ತಿತ್ತು. ಹೇಗೋ ಎಬ್ಬಿಸಿ ಮನೆಗೆ ಹೊಡೆದುಕೊಂಡು ಬಂದೆ. ಅದೇ ಸಂಜೆ ಅದು ಕಂದು ಹಾಕಿತು. ದಿನ ತುಂಬದ ಕರು, ಮೈಮೇಲೆ ಕೂದಲು ಬಂದಿತ್ತು, ಕಣ್ಣು ಬಿಟ್ಟಿರಲಿಲ್ಲ. ಅದನ್ನು ಅಪ್ಪ ಗೋಣಿಚೀಲದಲ್ಲಿ ಹೊತ್ತುಕೊಂಡು ಹೋದದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಆ ಒಂದು ವಿಷಯದಲ್ಲಿ ನನಗೆ ಯಾವ ಗೊಂದಲವೂ ಇಲ್ಲ.

ಹಸು ಯಾಕೆ ಓಡಿತು ಎಂದು ಕೇಳಿದರು. ವಿಮಾನ ಬಂತು ಎಂದೆ.

ತಲೆಯ ಮೇಲೇ ಬಂತು ಎಂದೆ. ಹೊಟ್ಟೆ ಬೂದು ಬಣ್ಣ, ಹಿಂದೆ ಎರಡು ಕಿಂಡಿ ಎಂದೆ. ಸದ್ದಿಗೆ ಹಸು ಹಗ್ಗ ಕಿತ್ತುಕೊಂಡು ಕಾಲುವೆ ಹಾರಿತು, ನಾನು ಹಿಡಿದುಕೊಂಡೇ ಇದ್ದೆ, ಆಗಲಿಲ್ಲ ಎಂದೆ. ಆ ದಿನಗಳಲ್ಲಿ ನಮ್ಮೂರ ಮೇಲೆ ಆಗೊಮ್ಮೆ ಈಗೊಮ್ಮೆ ಮಿಲಿಟರಿ ವಿಮಾನಗಳು ಹಾದು ಹೋಗುತ್ತಿದ್ದುದು ನಿಜ. ಅವತ್ತು ಹೋಗಿತ್ತೇ?

ಅಜ್ಜಿ ನನ್ನನ್ನು ನಂಬಲಿಲ್ಲ. ಆದರೆ ಬೈದದ್ದು ನನ್ನನ್ನಲ್ಲ. ಅಮ್ಮ ಹಿಂದಿನ ದಿನ ಕಲಗಚ್ಚಿನ ಬಾನಿಗೆ ಪರಂಗಿಹಣ್ಣಿನ ಸಿಪ್ಪೆ ಸುರಿದದ್ದನ್ನು ಅಜ್ಜಿ ನೋಡಿದ್ದಳು. ಗಬ್ಬದ ಹಸುವಿಗೆ ಪರಂಗಿ ಹಾಕಿದರೆ ಉಷ್ಣಕ್ಕೆ ಕಂದು ಹಾಕದೆ ಇನ್ನೇನು ಮಾಡುತ್ತದೆ ಎನ್ನುವುದು ಅವಳ ತೀರ್ಮಾನ. ಅಜ್ಜಿಗೆ ಸಿಟ್ಟು ಬಂದರೆ ಕನ್ನಡ ಸಾಲುತ್ತಿರಲಿಲ್ಲ, ತೆಲುಗಿಗೆ ತಿರುಗುತ್ತಿದ್ದಳು. "ವಿಮಾನಮಂಟ, ವಿಮಾನಂ!" ಎಂದು ಹಿತ್ತಲಿಗೂ ಜಗಲಿಗೂ ಓಡಾಡಿದಳು. ಮಾರನೆಯ ದಿನ ಹಿತ್ತಲಿನ ಪರಂಗಿ ಮರ ಕಡಿಸಿದಳು. ಅಮ್ಮನ ಕೈಯಿಂದ ಹಾಲು ಕರೆಯುವ ಚೊಂಬು ಕಿತ್ತುಕೊಂಡಳು. ಅಲ್ಲಿಂದ ಮುಂದೆ ಅಮ್ಮ ಸಗಣಿ ಬಾಚಬಹುದಾಗಿತ್ತು, ಹುಲ್ಲು ಹೊರಬಹುದಾಗಿತ್ತು, ಹಸುವಿನ ಕೆಚ್ಚಲು ಮುಟ್ಟುವಂತಿರಲಿಲ್ಲ, ಅದರ ಬಾನಿಗೆ ಒಂದು ಹಿಡಿ ಬೂಸಾ ಹಾಕುವಂತಿರಲಿಲ್ಲ. ಅಜ್ಜಿ ತೀರಿಕೊಳ್ಳುವವರೆಗೂ, ಹನ್ನೊಂದು ವರ್ಷ, ಅದು ಹಾಗೇ ನಡೆಯಿತು. ಅಪ್ಪ ತಾಯಿಯ ಮಾತಿಗೂ ಹೂಂ ಎಂದ, ಹೆಂಡತಿಯ ಮಾತಿಗೂ ಹೂಂ ಎಂದ. ಅಮ್ಮನಿಗೆ ಇದ್ದದ್ದು ಒಂದೇ ಆಸರೆ, ನನ್ನ ವಿಮಾನ. "ನನ್ನ ಮಗಳು ಕಣ್ಣಾರೆ ನೋಡವ್ಳೆ," ಎಂದು ಯಾರು ಎತ್ತಿದರೂ ಹೇಳುತ್ತಿದ್ದಳು. ನನ್ನ ಚಿಕ್ಕಮ್ಮ, ಚಿಕ್ಕಪ್ಪನ ಹೆಂಡತಿ, ಇವತ್ತಿಗೂ ಮದುವೆ ಮನೆಯಲ್ಲಿ ಹಣ್ಣಿನ ತಟ್ಟೆ ಬಂದರೆ, "ಅಕ್ಕಾ, ಪರಂಗಿ ತಿಂತೀಯಾ, ಮೇಲೆ ವಿಮಾನ ಏನಾದ್ರೂ ಐತಾ ನೋಡ್ಕೊ," ಎನ್ನುತ್ತಾಳೆ. ಜನ ನಗುತ್ತಾರೆ. ಅಮ್ಮನೂ ನಗುತ್ತಾಳೆ, ಆದರೆ ಪರಂಗಿ ತಿನ್ನುವುದಿಲ್ಲ.

ಹಾಗಾದರೆ ಸುಳ್ಳು ಹೇಳಿದ್ದೆನೆಂದು ಒಪ್ಪಿಕೊಂಡುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕಷ್ಟ ಇರುವುದೇ ಅಲ್ಲಿ. ಹಗ್ಗ ಹಿಡಿದಿದ್ದೆ ಎಂದದ್ದು ಸುಳ್ಳು, ವಿಮಾನ ಸುಳ್ಳೋ ಅಲ್ಲವೋ ನನಗೆ ಗೊತ್ತಿಲ್ಲ. ಕೆಲವು ದಿನ, ಯಾವ ವಿಮಾನವೂ ಬಂದಿರಲಿಲ್ಲ, ಹೆದರಿಕೆಗೆ ಬಾಯಿಗೆ ಬಂದದ್ದನ್ನು ಹೇಳಿದೆ ಎಂದು ಗಟ್ಟಿಯಾಗಿ ಅನ್ನಿಸುತ್ತದೆ. ಇನ್ನು ಕೆಲವು ದಿನ, ಸೀಬೆಮರದ ಮೇಲಿದ್ದಾಗ ಒಂದು ದೊಡ್ಡ ಸದ್ದು ಕೇಳಿ ಕೊಂಬೆ ತಬ್ಬಿಕೊಂಡದ್ದು ನೆನಪಾಗುತ್ತದೆ. ಎಲ್ಲಕ್ಕಿಂತ ಸ್ಪಷ್ಟವಾಗಿ ನೆನಪಿರುವುದು ಮೂರನೆಯದು. ನಾನು ಕಾಲುವೆಯ ಪಕ್ಕ ಹಗ್ಗ ಹಿಡಿದು ನಿಂತಿದ್ದೇನೆ, ತಲೆಯ ಮೇಲೆ ಬೂದು ಹೊಟ್ಟೆಯೊಂದು ಹಾದು ಹೋಗುತ್ತಿದೆ, ಹಸು ಕಣ್ಣು ಅಗಲಿಸಿ ಎಳೆಯುತ್ತಿದೆ. ಇದು ನಡೆದಿರಲು ಸಾಧ್ಯವೇ ಇಲ್ಲ, ಯಾಕೆಂದರೆ ನಾನು ಅಲ್ಲಿರಲಿಲ್ಲ. ನಡೆಯದೆ ಇರುವುದು ನಡೆದದ್ದಕ್ಕಿಂತ ಚೆನ್ನಾಗಿ ನೆನಪಿದ್ದರೆ ಮನುಷ್ಯರು ಏನು ಮಾಡಬೇಕು? ಇಪ್ಪತ್ತು ವರ್ಷದಿಂದ ಸಾಕ್ಷಿಗಳ ಹೇಳಿಕೆ ಟೈಪು ಮಾಡುತ್ತಿದ್ದೇನೆ. ಕಟಕಟೆಯಲ್ಲಿ ನಿಂತು ತಡವರಿಸುವವರನ್ನು ಕಂಡರೆ ಉಳಿದವರಿಗೆ ಸಿಟ್ಟು ಬರುತ್ತದೆ. ನನಗೆ ಅವರ ಮುಖ ನೋಡಲೂ ಆಗುವುದಿಲ್ಲ, ಕೀಲಿಮಣೆ ನೋಡುತ್ತೇನೆ.

ಹೊರಡುವ ದಿನ ಬೆಳಿಗ್ಗೆ ಏಳೂವರೆಗೆ ಡೈರಿ ಮುಂದೆ ಮಿನಿಬಸ್ಸು ನಿಂತಿತ್ತು. ಹಾಲು ಹಾಕಿದ ಕ್ಯಾನುಗಳನ್ನು ಅಲ್ಲೇ ತೊಳೆದು ಬೋರಲು ಹಾಕಿ ಹೆಂಗಸರು ಹತ್ತಿದರು. ಎಲ್ಲರ ತಲೆಯಲ್ಲೂ ಹೂವು, ಬಸ್ಸಿನ ತುಂಬ ಹಾಲಿನ ವಾಸನೆ. ಅಪ್ಪ ಮಧ್ಯಾಹ್ನ ಹಸುಗಳಿಗೆ ಏನೇನು ಹಾಕಬೇಕು ಎಂದು ಅಮ್ಮ ಕಿಟಕಿಯಿಂದ ತಲೆ ಹೊರಹಾಕಿ ಕೂಗಿ ಹೇಳಿದಳು, ಬಸ್ಸು ತಿರುಗುವವರೆಗೂ ಹೇಳುತ್ತಲೇ ಇದ್ದಳು. ಆಮೇಲೆ ನನ್ನ ಪಕ್ಕ ಕೂತು ಚಿತ್ರಾನ್ನದ ಡಬ್ಬಿ ತೆಗೆದಳು. ದಾರಿಯುದ್ದಕ್ಕೂ ವಿಮಾನದ ಮಾತೇ ಆಡಲಿಲ್ಲ. ಒಮ್ಮೆ ಮಾತ್ರ, "ಕಣ್ಣಿಗೆ ಕನ್ನಡಕ ತಂದಿದ್ದೀಯಾ?" ಎಂದು ಕೇಳಿದಳು. ತಂದಿದ್ದೆ. ಮರೆತು ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅಂದುಕೊಂಡೆ.

ಬಾಗಿಲಿನಲ್ಲಿ ಚೀಲ ತಡಕುವವರು ಚಿಕ್ಕಮ್ಮನ ಎಲೆಅಡಿಕೆ ಚೀಲದಿಂದ ಅಡಕತ್ತರಿ ಹಿಡಿದು ತೆಗೆದರು. ಇದರಲ್ಲಿ ನಾನು ನಿಮ್ಮ ವಿಮಾನ ಕತ್ತರಿಸಿಬಿಡ್ತೀನಾ ಎಂದು ಅವಳು ಜಗಳಕ್ಕೆ ನಿಂತಳು. ಸೆಕ್ರೆಟರಿ ಅವಳನ್ನು ಎಳೆದುಕೊಂಡು ಒಳಗೆ ಬಂದು, ಎರಡೂವರೆಗೆ ಎಲ್ಲರೂ ಇದೇ ಕಂಬದ ಹತ್ತಿರ ಇರಬೇಕು, ಬರದವರ ಹಸು ಬರದವರೇ ನೋಡಿಕೊಳ್ಳಲಿ ಎಂದು ಎಚ್ಚರಿಸಿ ಬಿಟ್ಟಳು. ಹೆಂಗಸರೆಲ್ಲ ಹೆಲಿಕಾಪ್ಟರಿನ ಒಳಗೆ ಹತ್ತಿ ಇಳಿಯಲು ಬಿಡುತ್ತಾರೆ ಎಂದು ಆ ಸಾಲಿನ ಕಡೆ ಓಡಿದರು. ಅಮ್ಮ ನನ್ನ ಮೊಣಕೈ ಹಿಡಿದು ಇನ್ನೊಂದು ಕಡೆ ತಿರುಗಿಸಿದಳು.

ಅಷ್ಟು ದೊಡ್ಡ ಬಯಲನ್ನು ನಾನು ನೋಡಿರಲಿಲ್ಲ. ಮರವೇ ಇಲ್ಲ. ಕಾಂಕ್ರೀಟಿನ ನೆಲ, ಮೇಲೆ ಬಿಸಿಲು, ಸಾಲಾಗಿ ನಿಂತ ವಿಮಾನಗಳು, ಅವುಗಳ ಸುತ್ತ ಹಗ್ಗ ಕಟ್ಟಿ ಜನರನ್ನು ಆಚೆ ನಿಲ್ಲಿಸಿದ್ದರು. ಮಕ್ಕಳು, ಕಾಲೇಜಿನವರು, ತಲೆಗೆ ಪೇಪರಿನ ಟೋಪಿ ಮಾಡಿಕೊಂಡವರು, ಎಲ್ಲರೂ ವಿಮಾನದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಮ್ಮ ಒಂದಕ್ಕೂ ಮುಂದೆ ನಿಲ್ಲಲಿಲ್ಲ. ಸಂತೆಯಲ್ಲಿ ಹಸು ನೋಡುವ ಹಾಗೆ ಮೊದಲು ಹಿಂದಕ್ಕೆ ಹೋದಳು, ಆಮೇಲೆ ಸೊಂಟ ಬಗ್ಗಿಸಿ ಹೊಟ್ಟೆ ನೋಡಿದಳು. ಮುಖ ನೋಡಿ ಹಸು ಕೊಳ್ಳುವವರು ಮೋಸ ಹೋಗುತ್ತಾರೆ ಎಂದು ಅವಳು ಯಾವಾಗಲೂ ಹೇಳುತ್ತಾಳೆ. ಎಪ್ಪತ್ತರ ಹತ್ತಿರದ ಹೆಂಗಸು, ಹಗ್ಗದ ಕೆಳಗೆ ತಲೆ ತೂರಿಸಿ ಬಾಲದ ಕಡೆ ಬೆರಳು ಮಾಡಿ ಎಣಿಸುವಳು. "ಇದ್ರುದು ಒಂದೇ ಕಿಂಡಿ. ಇದಲ್ಲ." ಮುಂದಿನದು. "ಇದ್ರ ಹೊಟ್ಟೆ ಹಸ್ರು. ಅಲ್ಲ." ಮುಂದಿನದು. "ಇದ್ಕೆ ಮುಂದೆ ರೆಕ್ಕೆ ತಿರುಗ್ತದೆ. ನೀನು ಆವಾಗ ತಿರುಗೋದು ಹೇಳಿರ್ಲಿಲ್ಲ." ನಾನು ಒಂಬತ್ತು ವರ್ಷದವಳಿದ್ದಾಗ ಏನು ಹೇಳಿದ್ದೆ, ಏನು ಹೇಳಿರಲಿಲ್ಲ ಎನ್ನುವುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಹಿಂದೆ ನಡೆಯುತ್ತಿದ್ದ ನನಗೆ ಬೆವರು ಇಳಿಯುತ್ತಿತ್ತು, ಬಿಸಿಲಿಗಷ್ಟೇ ಅಲ್ಲ.

ಸಾಲಿನ ಕೊನೆಯ ಹೊತ್ತಿಗೆ ಒಂದು ದೊಡ್ಡದು ನಿಂತಿತ್ತು. ಹೊಟ್ಟೆ ಬೂದು, ಹಿಂದೆ ದೊಡ್ಡ ಕೊಳಗದ ಬಾಯಿಯಂಥ ಎರಡು ಕಿಂಡಿ. ಅಮ್ಮ ಬಹಳ ಹೊತ್ತು ಬಗ್ಗಿ ನೋಡಿದಳು. ಆಮೇಲೆ ನೆಟ್ಟಗಾಗಿ ನನ್ನ ಕಡೆ ತಿರುಗಿದಳು. ನನ್ನ ಮುಖವನ್ನೇ ನೋಡುತ್ತ ನಿಂತಳು.

ನನ್ನ ಬಾಯಿಗೆ ಏನು ಬರುತ್ತದೆ ಎಂದು ನನಗೇ ತಿಳಿಯಲಿಲ್ಲ. ಇದೇ ಎಂದರೆ ಅವಳ ಹನ್ನೊಂದು ವರ್ಷಕ್ಕೆ ಒಂದು ಉತ್ತರ ಸಿಗುತ್ತದೆ. ಅಲ್ಲ ಎಂದರೆ ಮುಂದಿನ ವಿಮಾನಕ್ಕೆ ಎಳೆದುಕೊಂಡು ಹೋಗುತ್ತಾಳೆ. ಗೊತ್ತಿಲ್ಲ ಎನ್ನುವುದೊಂದೇ ಸತ್ಯ, ಅದನ್ನು ಹೇಳಲು ಧೈರ್ಯ ಬರಲಿಲ್ಲ. ನಿಜ ಹೇಳಬೇಕೆಂದರೆ, ಆ ಹೊಟ್ಟೆಯ ಎದುರು ನಿಂತಾಗ ನನಗೆ ಪರಿಚಯದ್ದೇ ಅನ್ನಿಸಿತು. ಕಾಲುವೆಯ ಪಕ್ಕ, ತಲೆಯ ಮೇಲೆ ಹಾದು ಹೋದದ್ದು ಇದೇ ಅನ್ನಿಸಿತು.

"ಇದೇ," ಎಂದೆ.

"ದಿಟವಾಗ್ಲೂ?"

"ಇದೇ ಅಮ್ಮ."

ಅವಳ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅರಳಲಿಲ್ಲ. ಸೆರಗಿನಲ್ಲಿ ಕತ್ತು ಒರೆಸಿಕೊಂಡು, ಹಗ್ಗದ ಒಳಗೆ ನಿಂತಿದ್ದ ನೀಲಿ ಸಮವಸ್ತ್ರದ ಹುಡುಗನನ್ನು, "ಏನಪ್ಪಾ, ಬಾ ಇಲ್ಲಿ," ಎಂದು ಕರೆದಳು. ಅವನಿಗೆ ಇಪ್ಪತ್ತಮೂರು ಇಪ್ಪತ್ತನಾಲ್ಕು ಇರಬೇಕು. ಕನ್ನಡದವನೇ, ಮಾತು ಮಾತ್ರ ಬಿಜಾಪುರದ ಕಡೆಯದು.

"ಹೇಳ್ರಿ ಅವ್ವಾ."

"ಇದು ನಮ್ಮೂರ್ ಮೇಲೆ ಹಾರ್ತಿತ್ತಾ? ವಕ್ಕಲೇರಿ ಹತ್ರ, ಕೋಲಾರದ ಕಡೆ."

ಹುಡುಗ ನಕ್ಕ. "ಯಾವ್ದು ಎಲ್ಲಿ ಹಾರತೈತಿ ಅನ್ನೂದು ನಾವು ಹೇಳಂಗಿಲ್ರಿ ಅವ್ವಾ."

"ಈಗಿಂದಲ್ಲಪ್ಪ. ಇವ್ಳು ನಾಕ್ನೇ ಕ್ಲಾಸಲ್ಲಿ ಇದ್ದಾಗಿಂದು."

ಅವನು ನನ್ನನ್ನೊಮ್ಮೆ ನೋಡಿದ. ನಲವತ್ತೈದು ದಾಟಿದ, ಕನ್ನಡಕ ಹಾಕಿದ ಹೆಂಗಸು ನಾಲ್ಕನೇ ಕ್ಲಾಸಿನಲ್ಲಿದ್ದದ್ದು ಯಾವಾಗ ಎಂದು ಲೆಕ್ಕ ಹಾಕುತ್ತಿರಬೇಕು. "ಆವಾಗ ಇದು ಇರಲೇ ಇಲ್ರಿ," ಎಂದ. "ಇದು ಬಂದದ್ದು ಆಮ್ಯಾಲೆ. ಆವಾಗ ನಾನೂ ಹುಟ್ಟಿದ್ದಿಲ್ಲ." ಆಮೇಲೆ ಫೋಟೋ ತೆಗೆಯಲೇನು ಎಂದು ಕೇಳಿದ. ಅಮ್ಮ ಬೇಡವೆಂದಳು.

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಾಂಕ್ರೀಟು ಬಾಯಿ ಬಿಡುವುದಿಲ್ಲ. "ಇದೇ ತರದ್ದು ಇನ್ನೊಂದಿರ್ಬೇಕು," ಎಂದು ಏನೋ ತೊದಲಿದೆ. ಅಮ್ಮ, "ಇರ್ಬೋದು," ಎಂದಳು. ನಾವು ಅಲ್ಲಿಂದ ಬಂದು ತಂತಿ ಬೇಲಿಯ ಹತ್ತಿರ, ನೀರಿನ ಟ್ಯಾಂಕರಿನ ನೆರಳಲ್ಲಿ ಕೂತೆವು. ಸ್ವಲ್ಪ ಹೊತ್ತಿಗೆ ಹಾರಿಸಿ ತೋರಿಸುವುದು ಶುರುವಾಯಿತು.

ಮೊದಲನೆಯದು ಬಂದದ್ದೇ ತಿಳಿಯಲಿಲ್ಲ. ಜನ ಹೋ ಎಂದರು. ನಾನು ಎಲ್ಲಿ ಎಲ್ಲಿ ಎಂದು ನೋಡುವಷ್ಟರಲ್ಲಿ ಸದ್ದು ಬಂದು ಎದೆಗೆ ಗುದ್ದಿತು. ತಲೆ ಎತ್ತಿದರೆ ಬರೀ ಆಕಾಶ. ವಿಮಾನ ಆಗಲೇ ಬಯಲಿನ ಆ ತುದಿಯಲ್ಲಿ ಹೊಗೆಯ ಒಂದು ಚುಕ್ಕೆಯಾಗಿತ್ತು. ಎರಡನೆಯದೂ ಹಾಗೇ. ಮೂರನೆಯ ಸಲ ಅಮ್ಮ ಕಿವಿ ಮುಚ್ಚಿಕೊಳ್ಳದೆ ಕೂತು, ಅದು ಹೋದ ಮೇಲೆ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು:

"ಸದ್ದು ಕೇಳಿ ತಲೆ ಎತ್ತಿದ್ರೆ ಅದು ಇರೋದೇ ಇಲ್ವಲ್ಲೇ. ಹೊಟ್ಟೆ ಹೆಂಗ್ ನೋಡ್ದೆ ನೀನು?"

ನಾನು ಎಷ್ಟೋ ವಕೀಲರ ಸವಾಲುಗಳನ್ನು ಟೈಪು ಮಾಡಿದ್ದೇನೆ. ಇಷ್ಟು ಮೆತ್ತಗೆ ಕೇಳಿದ ಸವಾಲು ಇನ್ನೊಂದಿಲ್ಲ. "ಮೆಲ್ಲಗೆ ಹೋಗ್ತಿತ್ತೇನೋ," ಎಂದೆ.

ಅವಳು ಆಗಲೇ ನನ್ನನ್ನು ಬಿಟ್ಟು ಬೇಲಿಯ ಆಚೆ ನೋಡುತ್ತಿದ್ದಳು. ಅಲ್ಲಿ ಯಾರದೋ ಪಾಳುಹೊಲದಲ್ಲಿ ಐದಾರು ಹಸುಗಳು ಮೇಯುತ್ತಿದ್ದವು. ಎರಡು ಸೀಮೆಹಸು, ಉಳಿದವು ನಾಟಿ. ಇನ್ನೊಂದು ಸದ್ದು ಬಂತು, ಟ್ಯಾಂಕರಿನ ತಗಡು ಗಡಗಡ ಎಂದಿತು, ಹಿಂದೆ ಯಾವುದೋ ಕೂಸು ಕಿಟಾರನೆ ಕಿರುಚಿತು. ಆ ಹಸುಗಳು ತಲೆ ಎತ್ತಲಿಲ್ಲ. ಒಂದು ಬಾಲ ಬೀಸಿತು, ಅದು ನೊಣಕ್ಕೆ. ಅಮ್ಮ ಇನ್ನೂ ಮೂರು ವಿಮಾನ ಹೋಗುವವರೆಗೆ ಅವುಗಳನ್ನೇ ನೋಡಿದಳು. ಇಡೀ ಬಯಲಿನ ಜನ ಆಕಾಶ ನೋಡುತ್ತಿದ್ದಾಗ ಅವಳೊಬ್ಬಳು ಹಸು ನೋಡುತ್ತಿದ್ದಳು.

"ಅವಕ್ಕೆ ದಿನಾ ಕೇಳಿ ಅಭ್ಯಾಸ ಆಗಿರ್ತದಮ್ಮ," ಎಂದೆ. ನನ್ನ ದನಿ ನನಗೇ ಅಳುಬುರುಕಿಯ ದನಿ ಅನ್ನಿಸಿತು. "ನಮ್ಮದಕ್ಕೆ ಅಭ್ಯಾಸ ಇರ್ಲಿಲ್ಲ."

"ಹೂಂ. ಅದೂ ಸರಿ."

ಅದೂ ಸರಿ ಎಂದರೆ ಏನು? ನಂಬಿದಳೇ? ಬಿಟ್ಟಳೇ? ಅವಳ ಮೇಲೆ ನನಗೆ ವಿಪರೀತ ಸಿಟ್ಟು ಬಂತು. ಇಷ್ಟು ವರ್ಷ ಆದ ಮೇಲೆ ಇದನ್ನು ಯಾಕೆ ಕೆದಕಬೇಕಿತ್ತು? ಅಜ್ಜಿ ಸತ್ತು ಎಷ್ಟೋ ವರ್ಷವಾಯಿತು. ಅಮ್ಮನಿಗೆ ಈಗ ನಾಲ್ಕು ಹಸು, ಡೈರಿಯಲ್ಲಿ ಅವಳ ಹಾಲಿಗೆ ಹೆಸರಿದೆ, ಯಾರ ಹಸು ಮೇವು ಬಿಟ್ಟರೂ ಅವಳನ್ನೇ ಕರೆಯುತ್ತಾರೆ. ದೇವಸ್ಥಾನಕ್ಕೆ ಹೋಗಿದ್ದರೆ ಎಲ್ಲರೂ ಸುಖವಾಗಿ ಪ್ರಸಾದ ತಿಂದು ಮನೆಗೆ ಹೋಗುತ್ತಿದ್ದೆವು. ಸಿಟ್ಟಿನ ಹಿಂದೆಯೇ ನಾಚಿಕೆಯೂ ಬಂತು. ಎರಡನ್ನೂ ಎಲ್ಲಿಡಬೇಕು ಎಂದು ತಿಳಿಯದೆ ಐಸ್‌ಕ್ರೀಮ್ ತಂದುಕೊಟ್ಟೆ. ಅವಳು ಪೂರ್ತಿ ತಿಂದಳು.

ಎರಡೂವರೆಗೆ ಎಲ್ಲರೂ ಕಂಬದ ಹತ್ತಿರ ಸೇರಿದರು. ಚಿಕ್ಕಮ್ಮನ ಅಡಕತ್ತರಿ ವಾಪಸು ಸಿಕ್ಕಿತು. ಬಸ್ಸಿನಲ್ಲಿ ಹೆಲಿಕಾಪ್ಟರಿನ ಸೀಟು ಹೇಗಿತ್ತು, ಬೆಲ್ಟು ಹೇಗಿತ್ತು ಎಂದು ಸ್ವಲ್ಪ ಹೊತ್ತು ಗದ್ದಲ. ಹೊಸಕೋಟೆ ದಾಟುವ ಹೊತ್ತಿಗೆ ಬಿಸಿಲಿಗೆ ಬಳಲಿ ಒಬ್ಬೊಬ್ಬರೇ ಕತ್ತು ವಾಲಿಸಿದರು. ಅಮ್ಮ ಕಿಟಕಿಯ ಪಕ್ಕ ಕೂತಿದ್ದಳು. ಅವಳೂ ಮಲಗಿದಳು ಎಂದುಕೊಂಡೆ.

"ಅವತ್ತು ನಿನ್ನ ಲಂಗದ ಮಡಿಲಲ್ಲಿ ಏಳು ಸೀಬೆಕಾಯಿ ಇದ್ವು," ಎಂದಳು.

ನಾನು ಅವಳ ಕಡೆ ತಿರುಗಿದೆ.

"ಹಸು ಹೊಡ್ಕೊಂಡ್ ಬಂದೆ. ಅಳ್ತಾ ಇದ್ದೆ, ಆದ್ರೂ ಮಡಿಲು ಬಿಟ್ಟಿರ್ಲಿಲ್ಲ. ನಿಮ್ಮಜ್ಜಿ ಹಸು ಹತ್ರ ಹೋದ್ಲು. ನಾನು ನಿನ್ನ ಒಳಿಕ್ ಎಳ್ಕೊಂಡೋಗಿ ಅಷ್ಟೂ ಕಾಯಿ ಒಲೆಗೆ ಹಾಕ್ದೆ. ಹಸಿ ಕಾಯಿ, ಎಲ್ಲಿ ಉರಿತಾವೆ. ಮೇಲೆ ಬೂದಿ ಮುಚ್ದೆ. ನಿಂಗೆ ಗ್ಯಾಪಕ ಇಲ್ವಾ?"

ಇರಲಿಲ್ಲ. ಒಂದು ಚೂರೂ ಇರಲಿಲ್ಲ. ಬೂದು ಹೊಟ್ಟೆ ನೆನಪಿದೆ, ಎರಡು ಕಿಂಡಿ ನೆನಪಿದೆ. ನನ್ನ ಮಡಿಲಿನ ಕಾಯಿಗಳನ್ನು ಅಮ್ಮ ಬಿಡಿಸಿಕೊಂಡದ್ದು ಮಾತ್ರ ನೆನಪಿಲ್ಲ. ಬೂದು ಎನ್ನುವ ಬಣ್ಣ ನನಗೆ ಆಕಾಶದಿಂದ ಬಂತೋ ಒಲೆಯಿಂದ ಬಂತೋ ಎಂದು ಅಲ್ಲೇ ಕೂತು ಯೋಚಿಸಿದೆ, ಬಗೆಹರಿಯಲಿಲ್ಲ.

"ಹಂಗಾದ್ರೆ ನಾನು ಅಲ್ಲಿರ್ಲಿಲ್ಲ ಅಂತ ನಿಂಗೆ ಗೊತ್ತಿತ್ತು," ಎಂದೆ.

"ಗೊತ್ತಿತ್ತು."

"ಗೊತ್ತಿದ್ದೂ ಊರೆಲ್ಲ ನನ್ನ ಮಗಳು ಕಣ್ಣಾರೆ ನೋಡವ್ಳೆ ಅಂತ ಹೇಳ್ಕೊಂಡ್ ಬಂದ್ಯಲ್ಲಮ್ಮ?"

"ಇನ್ನೇನ್ ಹೇಳ್ಲಿ? ನಿಮ್ಮಜ್ಜಿ ಕೈಗೆ ನಿನ್ನ ಕೊಡ್ಲಾ? ನಂಗಾದ್ರೆ ಚೊಂಬು ಕಿತ್ಕೊಂಡ್ಲು. ನಿನ್ನ ಸ್ಕೂಲ್ ಬಿಡ್ಸಿ ಸಗಣಿ ಬಾಚೋಕ್ ಹಾಕಿರೋಳು." ಕಿಟಕಿಯ ಗಾಜು ಅರ್ಧ ಎಳೆದಳು. "ನೀನು ಸೀಬೆಕಾಯಿಗ್ ಹೋಗಿದ್ದು ದಿಟ. ನಾನು ಪರಂಗಿ ಸಿಪ್ಪೆ ಹಾಕಿದ್ದು ದಿಟ. ಎರಡೂ ನಂಗೊತ್ತು. ವಿಮಾನ ಒಂದು ಬಂದಿತ್ತು ಅಂದ್ರೆ ಅದ್ರಲ್ಲಿ ನಿಂದೂ ಏನಿಲ್ಲ, ನಂದೂ ಏನಿಲ್ಲ. ಅದೊಂದು ತಿಳ್ಕೊಂಡ್ ಸಾಯಾಣ ಅಂತ ಇತ್ತು. ಈಗ ಹೇಳು. ಬಂದಿತ್ತಾ?"

ನಾನು ಪ್ರಯತ್ನಪಟ್ಟೆ. ದೇವರಾಣೆ ಪ್ರಯತ್ನಪಟ್ಟೆ. ಕಣ್ಣು ಮುಚ್ಚಿ ಸೀಬೆಮರ ಹತ್ತಿದೆ, ಕೊಂಬೆ ತಬ್ಬಿಕೊಂಡೆ, ಕಿವಿಗೊಟ್ಟೆ. ಕೇಳಿಸಿದ್ದು ಇವತ್ತಿನ ಸದ್ದು. ಇವತ್ತು ನೋಡಿದ ವಿಮಾನಗಳೆಲ್ಲ ಒಂದರ ಹಿಂದೊಂದು ಆ ಕೆರೆಯ ಮೇಲೆ ಹಾರಿದವು. ಇಷ್ಟು ದಿನ ಇದ್ದ ಒಂದು ಅನುಮಾನದ ವಿಮಾನವೂ ಆ ಗುಂಪಿನಲ್ಲಿ ಕಳೆದುಹೋಗಿತ್ತು.

"ಗೊತ್ತಿಲ್ಲಮ್ಮ," ಎಂದೆ. "ನಿಜವಾಗ್ಲೂ ಗೊತ್ತಿಲ್ಲ."

ನಲವತ್ತೈದು ದಾಟಿದ ಹೆಂಗಸು ನಾನು, ಮಿನಿಬಸ್ಸಿನಲ್ಲಿ ಅತ್ತೆ. ಅಮ್ಮ ನನ್ನ ಕೈ ಹಿಡಿದುಕೊಳ್ಳಲಿಲ್ಲ, ಬೈಯಲೂ ಇಲ್ಲ. ಹೊರಗೆ ಯಾರದೋ ಟೊಮೆಟೊ ತೋಟ ನೋಡುತ್ತ, "ಕೋಲು ಚೆನ್ನಾಗಿ ಕಟ್ಟವ್ರೆ," ಎಂದಳು.

ಊರು ತಲುಪಿದಾಗ ಐದೂವರೆ. ಹೆಂಗಸರು ಸೀರೆ ಬದಲಿಸದೆ ತಮ್ಮ ತಮ್ಮ ಕೊಟ್ಟಿಗೆಗೆ ಓಡಿದರು. ಅಮ್ಮ ನಾಲ್ಕೂ ಹಸು ಕರೆದಳು, ನಾನು ಕರು ಬಿಟ್ಟು ಕಟ್ಟಿ ಮಾಡಿದೆ. ಕ್ಯಾನು ಹಿಡಿದುಕೊಂಡು ಡೈರಿಗೆ ಅವಳ ಜೊತೆಯೇ ಹೋದೆ. ಸಾಲಿನಲ್ಲಿ ಇಪ್ಪತ್ತು ಜನರಿದ್ದರು. ಟ್ರಿಪ್ಪಿಗೆ ಬರದಿದ್ದವರು ಬಂದವರನ್ನು ಸುತ್ತಿಕೊಂಡು ಕೇಳುತ್ತಿದ್ದರು. ನಮ್ಮ ಮುಂದೆ ಚಿಕ್ಕಮ್ಮ ನಿಂತಿದ್ದಳು. ಅಮ್ಮನನ್ನು ಕಂಡದ್ದೇ ತಡ, ಎಲ್ಲರಿಗೂ ಕೇಳುವ ಹಾಗೆ ಶುರುಮಾಡಿದಳು.

"ಏನಕ್ಕಾ, ಸಿಕ್ತಾ ನಿನ್ ವಿಮಾನ? ಇಲ್ಲಾ ಪರಂಗಿ ಸಿಪ್ಪೇನೇ ಗಟ್ಟಿ ಆಯ್ತಾ?"

ಸಾಲಿನಲ್ಲಿದ್ದವರು ನಕ್ಕರು. ಅಮ್ಮ ನಗಲಿಲ್ಲ. ಕ್ಯಾನು ಕೆಳಗಿಟ್ಟಳು.

"ಸಿಕ್ತು," ಎಂದಳು. "ಹೊಟ್ಟೆ ಬೂದಿ ಬಣ್ಣ, ಹಿಂದೆ ಎರಡು ಕಿಂಡಿ. ನೀವೆಲ್ಲ ಹೆಲಿಕಾಪ್ಟ್ರು ಹತ್ತೋಕ್ ಹೋಗಿದ್ರಿ. ನಾವು ಕೊನೇಗಂಟ ಹೋಗಿ ನೋಡ್ದೋ. ಹತ್ರ ಹೋದ ತಕ್ಷಣ ನನ್ ಮಗ್ಳು ಗುರ್ತು ಹಿಡಿದ್ಲು. ಸದ್ದು ಕೇಳಿದ್ಯಲ್ಲ ನೀನೂ? ಅದಕ್ಕೆ ಆನೆ ಆದ್ರೂ ಹಗ್ಗ ಕಿತ್ಕೊಂಡ್ ಓಡ್ತದೆ. ಒಂಬತ್ತು ವರ್ಷದ ಕೂಸು ಹೆಂಗೆ ಹಿಡ್ಕೊತದೆ?"

ಚಿಕ್ಕಮ್ಮ ತನ್ನ ಕ್ಯಾನು ಎತ್ತಿಕೊಂಡು ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದಳು. ಯಾರೋ ಹಿಂದಿನಿಂದ, ಹೌದು, ಅಬ್ಬಬ್ಬ ಆ ಸದ್ದು, ನನ್ನ ಎದೆಯೇ ನಿಂತುಹೋಗಿತ್ತು ಎಂದರು. ಇನ್ನೊಬ್ಬರು ಹೌದು ಹೌದು ಎಂದರು. ಅಜ್ಜಿ ಹನ್ನೊಂದು ವರ್ಷ ಕೊಡದೆ ಉಳಿಸಿಕೊಂಡಿದ್ದ ನಂಬಿಕೆಯನ್ನು ಸಂಜೆಯ ಹಾಲಿನ ಸಾಲು ಅರ್ಧ ನಿಮಿಷದಲ್ಲಿ ಕೊಟ್ಟುಬಿಟ್ಟಿತು.

ಅಮ್ಮ ನನ್ನ ಕಡೆ ತಿರುಗಿದಳು. ಬೆಳಿಗ್ಗೆ ಆ ಬೂದು ಹೊಟ್ಟೆಯ ಎದುರು ನೋಡಿದ ಹಾಗೆಯೇ ನೋಡಿದಳು.

"ಅಲ್ವೇನೇ?"

ಅವಳು ನನ್ನನ್ನು ಉಳಿಸುತ್ತಿದ್ದಾಳೋ, ತನ್ನನ್ನೇ ಉಳಿಸಿಕೊಳ್ಳುತ್ತಿದ್ದಾಳೋ, ಅಥವಾ ಬಸ್ಸಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಅವಳಿಗೇ ಆ ವಿಮಾನ ಕಂಡುಬಿಟ್ಟಿತೋ, ನನಗೆ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಾಗಿಲ್ಲ.

"ಹೂಂ, ಅದೇ," ಎಂದೆ.

"ಮುಂದೆ ಬನ್ನಿ, ಮುಂದೆ," ಎಂದು ಸೆಕ್ರೆಟರಿ ಕೂಗಿದಳು. ಅಮ್ಮ ಕ್ಯಾನಿನ ಮುಚ್ಚಳ ತೆಗೆದಳು, ನಾನು ಕ್ಯಾನು ಎತ್ತಿ ಹಾಲು ಸುರಿದೆ.